ಗಾಳಿ ಸೋಕದ ಗಾಡಿ

ಹೆಸರು: ಬಸವರಾಜು ಬಿನ್ ಚಿಕ್ಕಣ್ಣ. ವಯಸ್ಸು: ಹತ್ತೊಂಬತ್ತು. ಕಸುಬು: ವ್ಯವಸಾಯ (ನಮ್ಮ ತಂದೆಯವರನ್ನು ಕೇಳಿದರೆ ಬೇರೆ ಹೇಳಬಹುದು). ವಾಸ: ಸಾಲಿಗ್ರಾಮ, ಕೃಷ್ಣರಾಜನಗರ ತಾಲ್ಲೂಕು.

ಹುಣಸೂರು ಠಾಣೆಯ ದಫೇದಾರರ ಮುಂದೆ ನಿಂತು, ಯಾರೂ ಕರೆಸದೆ ನಾನಾಗಿಯೇ ಬಂದು, ಬಾಯಲ್ಲಿ ಹೇಳಿ ಬರೆಸುತ್ತಿರುವುದು ಏನೆಂದರೆ:

ಈ ಠಾಣೆಯ ಜಗುಲಿಯ ಮೇಲೆ ಮೊನ್ನೆಯಿಂದ ಕೂರಿಸಿರುವ ಚಿಕ್ಕಸಿದ್ದಮ್ಮ ಎಂಬ ಹೆಂಗಸು ನಮ್ಮ ಮನೆಯಲ್ಲಿ ಎರಡು ತಲೆಮಾರಿನ ಬಾಣಂತನ ಮಾಡಿದವಳು. ನನ್ನನ್ನೂ ನನ್ನ ಅಕ್ಕ ಕೆಂಪಾಜಮ್ಮನನ್ನೂ ಕಾಲ ಮೇಲೆ ಹಾಕಿಕೊಂಡು ನೀರೆರೆದು ಬೆಳೆಸಿದವಳು. ಅವಳು ಕಷಾಯದಲ್ಲಿ ವಿಷ ಹಾಕಿ ನನ್ನ ಅಕ್ಕನನ್ನು ಕೊಂದಳೆಂದು ಅಕ್ಕನ ಮಾವನವರು, ಹೆಗ್ಗಡದೇವನಕೋಟೆಯ ಮರದ ಕಂಟ್ರಾಕ್ಟರ್ ಗೋವಿಂದಯ್ಯನವರು, ದೂರು ಕೊಟ್ಟಿದ್ದಾರೆ. ಅವಳು ವಿಷ ಹಾಕಲಿಲ್ಲ. ಇಷ್ಟನ್ನು ಹೇಳಲು ಬಂದಿದ್ದೇನೆ.

ಹೋದ ವರ್ಷ ಸಾಲಿಗ್ರಾಮದಲ್ಲಿ ಒಂದು ಕತ್ತೆ ಕಾಣೆಯಾಗಿದೆಯೆಂದು ಅದರ ವಯಸ್ಸು, ಕಸುಬು, ನಡತೆ ಸಹಿತ ಅರ್ಜಿ ಬರೆದು, ಗುರುತಿನ ಚಹರೆ ಎಂಬ ಕಡೆ ಶಾನುಭೋಗರ ಚಹರೆ ಬರೆದವನು ನೀನೇ ಅಲ್ಲವೆ ಎಂದು ದಫೇದಾರರು ಕೇಳಿದರು. ನಾನೇ. ಆ ಅರ್ಜಿಗೂ ಈ ಹೇಳಿಕೆಗೂ ಸಂಬಂಧವಿಲ್ಲ. ಕತ್ತೆ ಸಿಕ್ಕಿದೆ.

ಮೊದಲು ಗಾಡಿಯ ವಿಚಾರ. ಗೋವಿಂದಯ್ಯನವರು ಎರಡು ವರ್ಷದ ಹಿಂದೆ, ಕೊಡಗಿನ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ, ಅವನ ಡೈಮ್ಲರ್ ಮೋಟಾರು ಕೊಂಡರು. ಮೂತಿಯ ಮೇಲೆ ಸಾಲುಗೀರಿನ ಬೆಳ್ಳಿ ಬಣ್ಣದ ಪಟ್ಟಿ. ಇಂಜಿನ್ನು ಓಡುತ್ತಿದೆಯೋ ನಿಂತಿದೆಯೋ ಎಂದು ಕಿವಿಗೊಟ್ಟು ತಿಳಿಯಬೇಕು, ಅಷ್ಟು ಮೆತ್ತಗಿನ ಸದ್ದು. ಅಂಥ ಮೋಟಾರಿನ ಹಿಂಭಾಗವನ್ನು ಮುಂದಿನ ಸೀಟಿನ ಬೆನ್ನಿನ ತನಕ ಕತ್ತರಿಸಿ ತೆಗೆಸಿ, ಶಿಕಾರಿಗೆ ಬರುವ ಸಾಹೇಬರನ್ನು ಕಾಕನಕೋಟೆ ಕಾಡಿಗೆ ಕೂರಿಸಿಕೊಂಡು ಹೋಗಲು ಮರದ ಕೋಣೆ ಕಟ್ಟಿಸಿದರು. ಕಟ್ಟಿದವನು ಹುಣಸೂರಿನ ಲಿಂಗಾಚಾರಿ. ಎತ್ತಿನ ಗಾಡಿ, ಮನೆ ಬಾಗಿಲು, ರಾಗಿ ತುಂಬುವ ಮರದ ಕಣಜ ಇವುಗಳಲ್ಲಿ ಹೆಸರಾದವನು. ತೇಗದ ಚೌಕಟ್ಟು, ಬೀಟೆಯ ಹಲಗೆ, ಎರಡೂ ಪಕ್ಕ ತೆರೆದು ಕ್ಯಾನ್ವಾಸ್ ಪರದೆ. ಆಗ ಅದರೊಳಗೆ ಗಾಳಿ ಬೇಕಾದಷ್ಟು ಬರುತ್ತಿತ್ತು.

ಈ ವರ್ಷ ಭಾದ್ರಪದದಲ್ಲಿ ಅಕ್ಕನಿಗೆ ನಮ್ಮ ಮನೆಯಲ್ಲಿ ಗಂಡುಮಗುವಾಯಿತು. ಗೋವಿಂದಯ್ಯನವರು ಸುದ್ದಿ ಕೇಳಿದ ವಾರದಲ್ಲೇ ಗಾಡಿಯನ್ನು ಮತ್ತೆ ಹುಣಸೂರಿಗೆ ಕಳಿಸಿ, ಸೊಸೆಯನ್ನೂ ಮೊಮ್ಮಗನನ್ನೂ ಮೂರನೆಯ ತಿಂಗಳಿಗೆ ಇದರಲ್ಲೇ ಹೆಗ್ಗಡದೇವನಕೋಟೆಗೆ ಕರೆಸಿಕೊಳ್ಳುತ್ತೇನೆ, ಬಾಣಂತಿಗೆ ಒಂದು ಎಳೆ ಗಾಳಿ ಸೋಕಕೂಡದು ಎಂದು ಹೇಳಿದರಂತೆ. ಲಿಂಗಾಚಾರಿ ಪರದೆ ಕಿತ್ತು ಹಲಗೆ ಹೊಡೆದನು. ಸಂದುಗಳಿಗೆ ಅರಗು, ಮೇಣ ತುಂಬಿದನು. ಬಾಗಿಲಿನ ಅಂಚಿಗೆ ಕಂಬಳಿ ಪಟ್ಟಿ ಬಡಿದನು. ಅಗಳಿ ಹೊರಗಡೆ. ಒಳಗೆ ಮಲಗಲು ಹಾಸುಮಣೆ, ಅದರ ಪಕ್ಕ ಕೆಂಡದ ಅಗ್ಗಿಷ್ಟಿಕೆ ಅಲುಗದಂತೆ ಕೂರಲು ತಗಡು ಹೊಡೆದ ಗುಳಿ. ಮುಂದಿನ ಸೀಟಿಗೂ ಹಿಂದಿನ ಕೋಣೆಗೂ ನಡುವೆ ದೊರೆಯ ಕಾಲದ ಗಾಜು ಇದ್ದದ್ದನ್ನು ಹಾಗೇ ಉಳಿಸಿ, ಅದರ ಸುತ್ತಲೂ ಮೇಣ ಹಾಕಿದನು.

ಕೆಲಸ ಮುಗಿದ ದಿನ ನಾನು ಲಿಂಗಾಚಾರಿಯ ಅಂಗಡಿಯಲ್ಲಿದ್ದೆನು. ಅವನು ಕೋಣೆಯೊಳಗೆ ಎಣ್ಣೆ ದೀಪ ಹಚ್ಚಿಟ್ಟು, ಬಾಗಿಲು ಹಾಕಿ, ಕಮ್ಮಾರನ ತಿದಿ ತರಿಸಿ ಹೊರಗಿನಿಂದ ಸಂದುಸಂದಿಗೂ ಗಾಳಿ ಊದಿಸಿದನು. ಎಲ್ಲರೂ ಗಾಜಿನಲ್ಲಿ ಇಣುಕಿ ನೋಡಿದೆವು. ದೀಪ ಅಲುಗಲಿಲ್ಲ. "ಇರುವೆ ಉಸ್ರೂ ತೂರಕಿಲ್ಲ ಕಣ್ರಪ್ಪ" ಎಂದನು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಈ ತಿಂಗಳ ಏಳನೇ ತಾರೀಖು ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಗಾಡಿ ನಮ್ಮ ಮನೆ ಬಾಗಿಲಿನಿಂದ ಹೊರಟಿತು. ಗಂಟೆ ಹೇಗೆ ಗೊತ್ತು ಎಂದರೆ ನಮ್ಮ ತಂದೆಯವರ ಗಡಿಯಾರ ನನ್ನ ಜೇಬಿನಲ್ಲಿತ್ತು. ಅದು ನನ್ನ ಜೇಬಿನಲ್ಲಿರುವುದು ಅವರಿಗೆ ಗೊತ್ತಿರಲಿಲ್ಲ. ಡ್ರೈವರ್ ಚಾಮಯ್ಯನೂ ನಾನೂ ಮುಂದೆ. ಅಕ್ಕ, ಮಗು, ಚಿಕ್ಕಸಿದ್ದಮ್ಮ ಹಿಂದೆ. ಅವರೊಂದಿಗೆ, ಬಾಣಂತಿ ಸಾರಿಗೆಂದು ನಮ್ಮವ್ವ ಕಳಿಸಿದ ನಾಲ್ಕು ಹ್ಯಾಟೆ ಕೋಳಿ ಬಿದಿರುಬುಟ್ಟಿಯಲ್ಲಿ. ಒಳ್ಳೆಯ ಚಳಿ ಇತ್ತು. ಅಗ್ಗಿಷ್ಟಿಕೆಯಲ್ಲಿ ನಮ್ಮವ್ವನೇ ಕೆಂಡ ತುಂಬಿದಳು. ನಾನು ಅರಮನೆಯ ಚೋಪದಾರನ ಹಾಗೆ ಕೋಲು ಹಿಡಿದು ಗಾಡಿಯ ಮುಂದೆ ನಡೆದು, "ಸಾಲಿಗ್ರಾಮದ ಚಕ್ರದ ಕಣಜದಲ್ಲಿ ಬಿಜಯಂಗೈಯುತ್ತಿರುವ ಬಾಣಂತಿ ಮಹಾರಾಣಿಯವರಿಗೆ ಬಹುಪರಾಕ್" ಎಂದು ಕೂಗಿದೆನು. ಅಕ್ಕ ನಕ್ಕು ನಕ್ಕು ಕಿವಿಗೆ ಕಟ್ಟಿದ ಬಟ್ಟೆ ಜಾರಿತು. "ನಗಿಸ್ಬ್ಯಾಡ ಕಣ್ಲಾ, ಒಟ್ಟೆ ನೋಯ್ತದೆ" ಎಂದಳು. ಚಿಕ್ಕಸಿದ್ದಮ್ಮ ಬಟ್ಟೆಯನ್ನು ಮತ್ತೆ ಬಿಗಿದು ಕಟ್ಟಿದಳು.

ಡ್ರೈವರಿಗೆ ಬಾಣಂತಿ ಕಾಣಬಾರದೆಂದು ಗಾಜಿನ ಒಳಗಡೆ ಸೀರೆ ಇಳಿಬಿಟ್ಟಿದ್ದರು. ನಾನು ಆಗಾಗ ಗಾಜಿಗೆ ತಟ್ಟುತ್ತಿದ್ದೆನು. ಅಕ್ಕ ಒಳಗಿನಿಂದ ತಟ್ಟುತ್ತಿದ್ದಳು. ನಾನು ಎರಡು ತಟ್ಟಿದರೆ ಅವಳು ಮೂರು. ಇದರಲ್ಲಿ ಅರ್ಥವೇನೂ ಇರಲಿಲ್ಲ.

ಎಂಟೂಕಾಲಿಗೆ ಕೃಷ್ಣರಾಜನಗರದಲ್ಲಿ ಇಂಜಿನ್ನಿಗೆ ನೀರು ಹಾಕಲು ನಿಂತೆವು. ಚಿಕ್ಕಸಿದ್ದಮ್ಮ ಒಳಗಿನಿಂದ ಬಡಿದಳು. ನಾನು ಅಗಳಿ ತೆಗೆದೆನು. ಅವಳು ಇಳಿದವಳೇ ಗಾಡಿಯ ಚಕ್ರ ಹಿಡಿದುಕೊಂಡು ವಾಂತಿ ಮಾಡಿದಳು. "ತಲೆ ಗಿರ್ರಂತದೆ ಕೂಸೇ, ಈ ಮೋಟಾರ್ ವಾಸ್ನೆ ನಂಗಾಗಕಿಲ್ಲ" ಎಂದಳು. ಮಗು ಸೊರಗಿ ಅಳುತ್ತಿತ್ತು. ಅಕ್ಕನೂ ತಲೆನೋವೆಂದಳು. ಚಿಕ್ಕಸಿದ್ದಮ್ಮ ಗಿಂಡಿಯಲ್ಲಿದ್ದ ಮೆಣಸಿನ ಕಷಾಯವನ್ನು ಅಕ್ಕನಿಗೆ ಕುಡಿಸಿ, ಗಿಂಡಿ ತೊಳೆದಿಟ್ಟಳು. ತೊಳೆದದ್ದೇಕೆ ಎಂದು ದೂರಿನಲ್ಲಿ ಕೇಳಿದೆ. ಕುಡಿದ ಮೇಲೆ ಪಾತ್ರೆ ತೊಳೆಯುತ್ತಾರೆ.

ಮಗುವನ್ನು ಎತ್ತಿಕೊಂಡು ಮುಂದೆ ಕೂತುಕೋ ಎಂದು ಅವಳಿಗೆ ಹೇಳಿದವಳು ಅಕ್ಕ. ಚಿಕ್ಕಸಿದ್ದಮ್ಮ ತಾನಾಗಿ ಹೋಗಲಿಲ್ಲ. "ನೀನೊಬ್ಳೇ ಎಂಗಿದ್ದೀಯೆ ತಾಯಿ" ಎಂದು ಮೂರು ಸಲ ಕೇಳಿದಳು. ಅಕ್ಕ, "ಕೋಳಿ ಅವೆ ಓಗವ್ವ" ಎಂದು ನಕ್ಕಳು. ಅಗ್ಗಿಷ್ಟಿಕೆ ಬೂದಿಯಾಗುತ್ತ ಬಂದಿತ್ತು. ಎದುರಿನ ಹೋಟೆಲಿನ ಒಲೆಯಿಂದ ಹೊಸ ಕೆಂಡ ತಂದು ತುಂಬಿದವನು ನಾನು.

ಬಾಗಿಲು ಹಾಕುವಾಗ ಅಕ್ಕ ನನ್ನನ್ನು ಕರೆದು, "ಬಸ್ರಾಜ, ಇನ್ ಗಾಜ್ ತಟ್ಬ್ಯಾಡ ಕಣೋ, ಒಸಿ ಮನೀಕತೀನಿ. ಸುಮ್ಕಿರೋ ಆಟ ಆಡುವ. ಕೋಟೆ ಮುಟ್ಟಗಂಟ ಯಾರ್ ಮೊದ್ಲು ಸದ್ದು ಮಾಡ್ತಾರೋ ಅವ್ರ್ ಸೋತಂಗೆ" ಎಂದಳು. ಚಿಕ್ಕಂದಿನಲ್ಲಿ ನನ್ನ ಬಾಯಿ ಮುಚ್ಚಿಸಲು ಅವಳು ಕಂಡುಹಿಡಿದ ಆಟ ಅದು. ನಾನು ಯಾವತ್ತೂ ಗೆದ್ದವನಲ್ಲ. ಬಾಗಿಲು ತೆರೆದಿದ್ದದ್ದು ಒಟ್ಟು ಕಾಲು ಗಂಟೆ. ಅಷ್ಟು ಹೊತ್ತಿನಲ್ಲಿ ಅವಳ ಮುಖ ತುಸು ಗೆಲುವಾಗಿತ್ತು. ಆಮೇಲೆ ಅಗಳಿ ಹಾಕಿದೆವು.

ಚಿಕ್ಕಸಿದ್ದಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮಿಬ್ಬರ ಪಕ್ಕ ಕಿಟಕಿಯ ಕಡೆ ಕೂತಳು. ಎರಡು ಮೈಲಿ ಹೋಗುವುದರೊಳಗೆ ಅವಳ ತಲೆಸುತ್ತು ಇಳಿಯಿತು. ಮಗು ನಿದ್ದೆ ಹೋಯಿತು.

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಕಟ್ಟೆಮಳಲವಾಡಿಯ ಹತ್ತಿರ ನನಗೆ ತಡೆಯಲಾಗಲಿಲ್ಲ. ಗಾಜಿಗೆ ಎರಡು ತಟ್ಟಿದೆನು. ಉತ್ತರ ಬರಲಿಲ್ಲ. ಊರು ದಾಟಿದ ಮೇಲೆ ಮತ್ತೆ ಎರಡು ತಟ್ಟಿದೆನು. ಚಾಮಯ್ಯ, "ಮನಗವ್ರೆ ಬುಡಿ ಬುದ್ಧಿ" ಎಂದನು. ಇಲ್ಲ, ಅವಳು ಆಟ ಗೆಲ್ಲುತ್ತಿದ್ದಾಳೆ ಎಂದು ನಾನು ಹೇಳಿದೆನು.

ಹತ್ತಕ್ಕೆ ಕಾಲು ಗಂಟೆ ಇರುವಾಗ ಹುಣಸೂರು. ಗಾಡಿ ಯಾರಿಗಾಗಿ ಆಯಿತೋ ಅವರು ಮೊದಲ ಸಲ ಕೂತು ಬಂದಾಗ ಕಟ್ಟಿದ ಆಚಾರಿಗೆ ವೀಳ್ಯ ಕೊಡಬೇಕು, ಬಾಗಿಲನ್ನು ಅವನೇ ತೆರೆಯಬೇಕು ಎಂದು ಗೋವಿಂದಯ್ಯನವರು ಹೇಳಿ ಕಳಿಸಿದ್ದರಿಂದ ಲಿಂಗಾಚಾರಿಯ ಅಂಗಡಿ ಮುಂದೆ ನಿಲ್ಲಿಸಿದೆವು. ಅವನು ಮಡಿ ಪಂಚೆ ಉಟ್ಟು ಕಾದಿದ್ದನು. ಅಗಳಿ ತೆಗೆದನು. ಒಳಗಿನ ಬಿಸಿ ಅವನ ಮುಖಕ್ಕೆ ಹೊಡೆದು ಒಂದು ಹೆಜ್ಜೆ ಹಿಂದೆ ಸರಿದನು.

ಅಕ್ಕ ಬಾಗಿಲಿನ ಕಡೆ ತಲೆ ಮಾಡಿ ಮಲಗಿದ್ದಳು. ಎಡಗೈ ಬಾಗಿಲನ್ನು ಮುಟ್ಟುವಂತೆ ಚಾಚಿತ್ತು. ಆಚಾರಿಗೆಂದು ಮನೆಯಿಂದ ತಂದಿದ್ದ ವೀಳ್ಯದ ತಟ್ಟೆ ಪಕ್ಕದಲ್ಲಿತ್ತು, ಎಲೆ ಬಾಡಿದ್ದವು. ಕೆನ್ನೆ ಎರಡೂ ಕೆಂಪಗೆ ತುಂಬಿಕೊಂಡಿದ್ದವು. ಅವಳು ಅಷ್ಟು ಲಕ್ಷಣವಾಗಿ ಕಂಡದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. "ಅಕ್ಕ, ನೀನೇ ಗೆದ್ದೆ, ಏಳಕ್ಕ" ಎಂದೆನು. ಲಿಂಗಾಚಾರಿ ನನ್ನ ಭುಜ ಹಿಡಿದನು. ನಾನು ಇನ್ನೂ ಎರಡು ಸಲ ಹಾಗೇ ಹೇಳಿದೆನೆಂದು ಚಾಮಯ್ಯ ಹೇಳುತ್ತಾನೆ. ನನಗೆ ನೆನಪಿಲ್ಲ.

ಬೀದಿಯ ಹೆಂಗಸರು ಸೇರಿದರು. "ಬಾಣಂತಿ ಕಳೆ ನೋಡವ್ವ, ಸತ್ತವ್ಳಂಗವ್ಳಾ?" ಎಂದು ಒಬ್ಬಳು ಅತ್ತಳು.

ಕೋಳಿಗಳ ವಿಚಾರ. ಬುಟ್ಟಿ ಇಳಿಸಿದಾಗ ನಾಲ್ಕೂ ಸತ್ತಿದ್ದವು. ಗಾಯವಿಲ್ಲ, ನೊರೆಯಿಲ್ಲ. ಕುಲುಕಾಟಕ್ಕೆ ಸತ್ತಿರಬೇಕೆಂದು ಯಾರೋ ಅಂದರು, ಆ ಗಲಾಟೆಯಲ್ಲಿ ಯಾರೂ ಗಮನಿಸಲಿಲ್ಲ. ಸದರಿ ಕೋಳಿಗಳು ಕಷಾಯ ಕುಡಿದಿರಲಿಲ್ಲ. ಸದರಿ ಕೋಳಿಗಳನ್ನು ಅದೇ ಸಂಜೆ ಚಾಮಯ್ಯನೂ ಇನ್ನಿಬ್ಬರೂ ಸಾರು ಮಾಡಿಕೊಂಡು ತಿಂದರು. ಇನ್ನಿಬ್ಬರ ಹೆಸರು ಬೇಡವೆಂದು ದಫೇದಾರರು ಹೇಳಿದ್ದರಿಂದ ಬರೆಸಿಲ್ಲ. ತಿಂದ ಮೂವರೂ ಆರೋಗ್ಯವಾಗಿದ್ದಾರೆ. ಇದನ್ನೂ ಬರೆಯಬೇಕೆ ಎಂದು ದಫೇದಾರರು ಕೇಳಿದರು. ಬರೆಯಬೇಕೆಂದು ಕೈಮುಗಿದು ಕೇಳಿಕೊಂಡೆನು. ಅಕ್ಕನನ್ನು ಕೊಂದದ್ದು ಯಾವುದೋ ಅದೇ ಕೋಳಿಗಳನ್ನೂ ಕೊಂದಿದೆ. ಅದು ಹೊಟ್ಟೆಯಿಂದ ಹೋದದ್ದಲ್ಲ, ಉಸಿರಿನಿಂದ ಹೋದದ್ದು.

ಮಧ್ಯಾಹ್ನ ಗೋವಿಂದಯ್ಯನವರು ಬಂದು ಅಕ್ಕನನ್ನು ಕೋಟೆಗೆ ಕರೆದೊಯ್ದರು. ಅವತ್ತೇ ಮಣ್ಣು ಮಾಡಿದರು. ಗಾಡಿಯನ್ನು ಮಾತ್ರ ಇಲ್ಲೇ ಬಿಟ್ಟರು. ಮಾರನೆಯ ದಿನ ದೂರು ಕೊಟ್ಟರು. ದೂರು ಕೊಟ್ಟು ಹೊರಬಂದಾಗ ನಾನು ಅವರಿಗೆ ಕೋಳಿಗಳ ಮಾತು ಹೇಳಿದೆನು. ಅವರು, "ಬಾಣಂತಿಗೆ ಗಾಳಿ ಸೋಕ್ತು ಅಂದ್ರೆ ನಂಬ್ತಿದ್ದೆ ಕಣಯ್ಯ. ನನ್ ಗಾಡೀಲಿ ಗಾಳಿ ಎಲ್ಲೈತೆ? ಅಂದ್ಮೇಲೆ ವಿಷವೇ" ಎಂದರು. ಅವರ ಕಣ್ಣು ಊದಿಕೊಂಡಿದ್ದವು. ಅವರು ಸುಳ್ಳು ಹೇಳುವವರಲ್ಲ. ಅವರಿಗೆ ಹಾಗೇ ತೋರುತ್ತದೆ.

ಚಿಕ್ಕಸಿದ್ದಮ್ಮ "ನಾನೇ ಕೊಂದೆ" ಎಂದು ತಾನೇ ಒಪ್ಪಿಕೊಂಡಿದ್ದಾಳೆ, ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ಹೆಬ್ಬೆಟ್ಟು ಹಾಕಿಸುತ್ತೇವೆ ಎಂದು ದಫೇದಾರರು ಹೇಳಿದರು. ನಾನು ಜಗುಲಿಗೆ ಹೋಗಿ ಅವಳನ್ನು ಕೇಳಿದೆನು. ದಫೇದಾರರೂ ಪಕ್ಕದಲ್ಲಿದ್ದರು. ಅವಳು ನನ್ನ ಮುಖ ನೋಡದೆ, "ನಾನೇ ಕೊಂದೆ ಕೂಸೇ. ನಗರದಲ್ಲಿ ಬಾಗ್ಲು ತಗ್ಸಿದ್ನಲ್ಲ, ಆವಾಗ್ಲೇ ಗಾಳಿ ಸೋಕ್ಬುಡ್ತು. ವಾಂತಿ ತಡ್ಕಂಡು ಕುಂತಿದ್ರೆ ಉಳೀತಿದ್ಲು. ಏನಾರ ಬರ್ಕಳ್ಳಿ ಬುಡು. ಕೂಸ್ಗೆ ಆಲು ಯಾರ್ ಕುಡುಸ್ತಾವ್ರೆ?" ಎಂದಳು. ಅವಳು ಒಪ್ಪಿಕೊಳ್ಳುತ್ತಿರುವುದು ಬಾಗಿಲು ತೆಗೆಸಿದ್ದನ್ನು. ವಿಷವನ್ನಲ್ಲ. ಇದನ್ನು ಅವಳ ಹೆಬ್ಬೆಟ್ಟಿನ ಮೇಲ್ಗಡೆ ಬರೆಯಬೇಕೆಂದು ನನ್ನ ಅರಿಕೆ. ಆ ಕಾಲು ಗಂಟೆ ಬಾಗಿಲು ತೆಗೆದಿದ್ದರಿಂದಲೇ ಅವಳೂ ಮಗುವೂ ಬದುಕಿದ್ದಾರೆ. ಅವಳಿಗೆ ಹೇಳಿದರೆ ನಂಬುವುದಿಲ್ಲ. ನಾನು ತಮಾಷೆ ಮಾಡುತ್ತಿದ್ದೇನೆ ಅನ್ನುತ್ತಾಳೆ.

ಈ ದಿನ ಬೆಳಿಗ್ಗೆ ಲಿಂಗಾಚಾರಿ ಬೈರಿಗೆ ಹಿಡಿದು ಠಾಣೆಯ ಹಿತ್ತಲಿಗೆ ಬಂದು, ಅಲ್ಲಿ ನಿಲ್ಲಿಸಿರುವ ಗಾಡಿಯ ಹಲಗೆಗೆ ತೂತು ಕೊರೆಯಲು ಶುರು ಮಾಡಿದನು. ಪೇದೆಯವರು ಓಡಿಸಿದರು. ಅರ್ಧ ಅಂಗುಲದಷ್ಟು ಕೊರೆದಿದ್ದಾನೆ, ಆಚೆಗೆ ಹೋಗಿಲ್ಲ. ಅವನು ಬಂದರೆ ದಯಮಾಡಿ ಮತ್ತೂ ಓಡಿಸಬೇಕು. ತೂತು ಬಿದ್ದರೆ ನನ್ನ ಮಾತಿಗೆ ಸಾಕ್ಷಿಯೇ ಉಳಿಯುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸೋಮವಾರ ಹೆಬ್ಬೆಟ್ಟು ಹಾಕಿಸುವ ಮೊದಲು, ಮ್ಯಾಜಿಸ್ಟ್ರೇಟರು, ಗೋವಿಂದಯ್ಯನವರು, ಲಿಂಗಾಚಾರಿ ಇವರ ಎದುರಿಗೆ, ಅದೇ ಗಾಡಿಯಲ್ಲಿ ಅದೇ ಅಗ್ಗಿಷ್ಟಿಕೆಗೆ ಕೆಂಡ ತುಂಬಿ, ನಾಲ್ಕು ಕೋಳಿ ಇಟ್ಟು, ಕೃಷ್ಣರಾಜನಗರದಿಂದ ಹುಣಸೂರಿಗೆ ಹಿಡಿದಷ್ಟು ಹೊತ್ತು ಬಾಗಿಲು ಹಾಕಬೇಕು. ಕೋಳಿ ನಾನು ತರುತ್ತೇನೆ. ಕೆಂಡವನ್ನು ಬೇರೆ ಯಾರಾದರೂ ತುಂಬಬೇಕು. ಚಿಕ್ಕಸಿದ್ದಮ್ಮನನ್ನು ಹತ್ತಿರ ಕೂರಿಸಿ ತೋರಿಸಬೇಕು.

ಹೊತ್ತಾದ ಮೇಲೆ ಬಾಗಿಲು ತೆರೆಯುವ ಕೆಲಸ ನನಗೆ ಕೊಡಬೇಕು. ನಾನು ಗಾಜು ತಟ್ಟಿ ಕಾಯುವುದಿಲ್ಲ. ನೆಟ್ಟಗೆ ಹೋಗಿ ಅಗಳಿ ತೆಗೆಯುತ್ತೇನೆ.

ಬರೆದದ್ದನ್ನು ದಫೇದಾರರು ಓದಿ ಹೇಳಿದರು, ಕೇಳಿಸಿಕೊಂಡೆನು. ಕತ್ತೆಯ ಅರ್ಜಿಯಲ್ಲಿ ಎಷ್ಟು ಸುಳ್ಳಿತ್ತೋ ಇದರಲ್ಲಿ ಅಷ್ಟೇ ನಿಜ ಇದೆ ಎಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಹುಣಸೂರು
ತಾರೀಖು: ೧೦ ಡಿಸೆಂಬರ್ ೧೯೩೮, ಶನಿವಾರ
(ರುಜು) ಬಸವರಾಜು