ಸರಳಿಲ್ಲದ ಕಿಟಕಿ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರಾದ ಪಾಲಾಕ್ಷಪ್ಪನವರೇ, ಮುಖ್ಯ ಅತಿಥಿಗಳಾದ ಸೂಪರ್‌ವೈಸರ್ ಮೇಡಂ ಅವರೇ, ಕೂಡ್ಲಿಗಿ ಸುತ್ತಮುತ್ತಲಿನ ಅಂಗನವಾಡಿಗಳಿಂದ ಬಂದಿರುವ ಕಾರ್ಯಕರ್ತೆಯರೇ, ಸಹಾಯಕಿಯರೇ, ಮಂಡಕ್ಕಿ ಮಿರ್ಚಿ ಇದೆ ಎಂದು ಬಂದವರೇ, ಅದು ಭಾಷಣ ಮುಗಿದ ಮೇಲೆ ಎಂದು ಈಗಷ್ಟೇ ತಿಳಿದು ಮುಖ ಸಣ್ಣ ಮಾಡಿಕೊಂಡವರೇ, ಬಾಗಿಲ ಪಕ್ಕದಲ್ಲಿ ಕುಳಿತಿರುವ ಬೊಮ್ಮಮ್ಮನವರೇ, ಆಕೆಯ ಮಗಳು ಮಂಜಮ್ಮನವರೇ, ಸಮಸ್ತ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮೂವತ್ತೊಂದು ವರ್ಷ ಮೂರು ವರ್ಷದ ಮಕ್ಕಳ ಎದುರು ಮಾತನಾಡಿದವಳು ನಾನು. ಎದುರಿಗೆ ಕೂತವರು ಎದ್ದು ಓಡದಿದ್ದರೆ, ಪಕ್ಕದವರ ಜುಟ್ಟು ಹಿಡಿದು ಎಳೆಯದಿದ್ದರೆ, ಅದೇ ನನಗೆ ದೊಡ್ಡ ಸನ್ಮಾನ. ಶಾಲು ಹೊದಿಸಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ, ಸಂತೋಷ. ನಡುವೆ ಯಾರಿಗಾದರೂ ಹೊರಗೆ ಹೋಗಬೇಕು ಎನಿಸಿದರೆ ಕಿರುಬೆರಳು ಎತ್ತಿ ತೋರಿಸಿ, ಸಾಕು. ಅಧ್ಯಕ್ಷರಿಗೂ ಇದು ಅನ್ವಯಿಸುತ್ತದೆ.

ನಿರೂಪಣೆ ಮಾಡಿದ ತಂಗಿ ನನ್ನ ಬಗ್ಗೆ ಒಂದು ಮಾತು ಹೇಳಿದಳು. "ಶಿವಲೀಲಾ ಟೀಚರ್ ಕೈಯಲ್ಲಿ ಇಷ್ಟು ವರ್ಷದಲ್ಲಿ ಒಂದೇ ಒಂದು ಮಗುವಿಗೂ ಗಾಯವಾಗಿಲ್ಲ" ಎಂದಳು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆಯನ್ನು ನಾನಿನ್ನೂ ತೆಗೆದುಕೊಂಡಿಲ್ಲ. ಇಲ್ಲೇ ಮೇಜಿನ ಮೇಲೆ ಇರಲಿ, ಆಮೇಲೆ ನೋಡೋಣ.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ನನ್ನ ಕೇಂದ್ರದಲ್ಲಿ ಸಹಾಯಕಿ ಕೆಲಸ ಖಾಲಿ ಇದೆ. ಮಂಜಮ್ಮ ಅರ್ಜಿ ಹಾಕಿದ್ದಾಳೆ. ಓದಿದ ಹುಡುಗಿ, ಊರಿನವಳೇ, ಯಾವ ಕೊರತೆಯೂ ಇಲ್ಲ. ಆದರೆ ಅರ್ಜಿ ಅಲ್ಲೇ ನಿಂತಿದೆ. ಏಕೆ? ಆಕೆಯ ತಾಯಿ ಬೊಮ್ಮಮ್ಮ ಹದಿಮೂರು ವರ್ಷದ ಹಿಂದೆ ಇದೇ ಕೇಂದ್ರದಲ್ಲಿ ಸಹಾಯಕಿಯಾಗಿದ್ದಳು. ಒಂದು ಮಗು ಕಿಟಕಿಯಿಂದ ಬಿದ್ದಿತು, ಬೊಮ್ಮಮ್ಮನ ಕೆಲಸ ಹೋಯಿತು. ಈಗ ಊರಲ್ಲಿ ಏನು ಮಾತು? "ಕೂಸು ಕೆಡವಿದಾಕಿ ಮಗಳ ಕೈಯಾಗ ನಮ್ಮ ಕೂಸು ಹೆಂಗ ಕೊಡಾದು?" ಇದೇ ಮಾತು. ಮೇಡಂ ನನ್ನ ಅಭಿಪ್ರಾಯವನ್ನು ಬರೆದು ಕೊಡಿ ಎಂದಿದ್ದಾರೆ. ಬರೆದು ತಂದಿದ್ದೇನೆ ಮೇಡಂ, ಈ ಚೀಲದಲ್ಲೇ ಇದೆ. ಆದರೆ ಅದನ್ನು ಕೊಡುವ ಮೊದಲು ನಾನು ಹಡಗಿನಲ್ಲಿ ಹೋಗಿಬಂದ ಕಥೆ ಹೇಳಬೇಕು. ಅಂಗನವಾಡಿಗೂ ಹಡಗಿಗೂ ಏನು ಸಂಬಂಧ ಎನ್ನುತ್ತೀರಾ? ಎರಡಕ್ಕೂ ಕಿಟಕಿ ಇದೆ.

ನನ್ನ ಮಗ ಗಂಗಾಧರನದು ಹರಪನಹಳ್ಳಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಕಳೆದ ಮುಂಗಾರಿನಲ್ಲಿ ಮೆಕ್ಕೆಜೋಳದ ಬೀಜ ಎಷ್ಟು ಚೀಲ ಮಾರಿದನೋ ಏನೋ, ಬೀಜದ ಕಂಪನಿಯವರು ಖುಷಿಯಾಗಿ ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ದೊಡ್ಡ ಹಡಗಿನಲ್ಲಿ ಮನೆಮಂದಿಗೆಲ್ಲ ಟಿಕೆಟ್ ಕೊಟ್ಟರು. ಮಗ, ಸೊಸೆ ದುರ್ಗಾದೇವಿ, ಎರಡೂವರೆ ವರ್ಷದ ಮೊಮ್ಮಗಳು ಭೂಮಿಕಾ, ಮತ್ತು ನಾನು. ನಮ್ಮ ಭಾಗದಲ್ಲಿ ನೀರು ಕಾಣಬೇಕಾದರೆ ಮೈಲಾರದ ಹತ್ತಿರ ಹೊಳೆಗೆ ಹೋಗಬೇಕು, ಅದೂ ಅದು ತುಂಬಿದ್ದರೆ. ಅಂಥವಳಿಗೆ ನಾಲ್ಕೂ ಕಡೆ ನೀರು. ನಾನು ರೊಟ್ಟಿ, ಶೇಂಗಾ ಚಟ್ನಿಪುಡಿ, ಕರಿದ ಮೆಣಸಿನಕಾಯಿ ಎಲ್ಲ ಕಟ್ಟಿಕೊಂಡು ಹೋಗಿದ್ದೆ. ಹತ್ತುವ ಕಡೆ ಚೀಲ ತಪಾಸಣೆ ಮಾಡುವವನು ಚಟ್ನಿಪುಡಿಯ ಡಬ್ಬಿ ಮೂಸಿ ನೋಡಿ ಮೂರು ಸಲ ಸೀನಿದ. ಮುಂದೆ ಏನನ್ನೂ ತೆಗೆಸದೆ ಒಳಗೆ ಬಿಟ್ಟ.

ಹಡಗು ಹತ್ತಿದ ದಿನವೇ ಎಲ್ಲರನ್ನೂ ಕೂರಿಸಿ ಸುರಕ್ಷತೆಯ ಪಾಠ ಹೇಳಿದರು. ಕಡ್ಡಾಯ. ನಾನು ನಿದ್ದೆ ಮಾಡಿದೆ. ತರಬೇತಿಯಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ನಾವೆಲ್ಲ ಎಲ್ಲಿ ಕಲಿತೆವು ಎಂದು ಮೇಡಂ ಎದುರು ಹೇಳುವುದಿಲ್ಲ. ಮೇಲಾಗಿ ನನಗೆ ಸುರಕ್ಷತೆಯ ಪಾಠವೇ? "ಮಕ್ಕಳ ರಕ್ಷಣೆ, ಹಿರಿಯರ ಹೊಣೆ" ಎಂದು ಗೋಡೆಯ ಮೇಲೆ ಬರೆಸಿದವಳೇ ನಾನು. ತಾಲ್ಲೂಕು ಸಭೆಯಲ್ಲಿ ಆ ವಿಷಯದ ಮೇಲೆ ಏಳು ಸಲ ಭಾಷಣ ಮಾಡಿದ್ದೇನೆ. ಏಳೂ ಸಲ ಅದೇ ಭಾಷಣ.

ಈಗ ಕಿಟಕಿಗೆ ಬರುತ್ತೇನೆ. ನಮ್ಮ ಕಡೆ ಕಿಟಕಿ ಎಂದರೆ ಏನು? ಗಾಳಿಗೆ ಎಂದು ಮೇಸ್ತ್ರಿ ಹೇಳುತ್ತಾನೆ. ಅಲ್ಲವೇ ಅಲ್ಲ. ನಮ್ಮ ಕಡೆ ಕಿಟಕಿ ಇರುವುದು ಉಣ್ಣದ ಮಗುವನ್ನು ಕೂರಿಸುವುದಕ್ಕೆ. ಗೋಡೆ ದಪ್ಪ, ಕಿಟಕಿಯ ಕಟ್ಟೆ ಅಗಲ, ಮುಂದೆ ಕಬ್ಬಿಣದ ಸರಳು. ಮಗುವನ್ನು ಕೂರಿಸು, ಸರಳು ಹಿಡಿದುಕೋ ಎನ್ನು, ಹೊರಗೆ ಹೋಗುವ ಕುರಿ ತೋರಿಸು, ಕಾಗೆ ತೋರಿಸು, ಬಾಯಿ ತೆರೆದಾಗ ತುತ್ತು ಇಡು. ನನ್ನ ಮಗನನ್ನು ಹಾಗೇ ಬೆಳೆಸಿದೆ. ಅಂಗನವಾಡಿಯಲ್ಲಿ ನೂರಾರು ಮಕ್ಕಳಿಗೆ ಹಾಗೇ ಉಣ್ಣಿಸಿದೆ. ಈ ಸಭೆಯಲ್ಲಿ ಕಿಟಕಿಯಲ್ಲಿ ಕೂತು ಉಣ್ಣದೆ ಬೆಳೆದವರು ಯಾರಾದರೂ ಇದ್ದರೆ ಕೈ ಎತ್ತಿ. ನೋಡಿದಿರಾ? ಒಂದು ಕೈಯೂ ಇಲ್ಲ. ಪಾಲಾಕ್ಷಪ್ಪನವರೇ, ನೀವು ಎತ್ತಬೇಡಿ, ನಿಮಗೆ ನಿಮ್ಮ ತಾಯಿ ಉಣ್ಣಿಸುತ್ತಿದ್ದುದನ್ನು ನಾನು ನೋಡಿದ್ದೇನೆ.

ಹಡಗಿನ ಎರಡನೇ ದಿನ, ಮಧ್ಯಾಹ್ನ. ಹತ್ತನೇ ಅಂತಸ್ತಿನಲ್ಲಿ ಊಟದ ಹಾಲ್, ಅದರ ಹೊರಗೆ ಓಡಾಡುವ ಉದ್ದನೆಯ ಜಾಗ, ಅಲ್ಲಿ ಸಾಲಾಗಿ ಗಾಜಿನ ಕಿಟಕಿಗಳು. ಒಂದನ್ನು ಗಾಳಿಗೆಂದು ಸರಿಸಿದ್ದರು. ಪಕ್ಕದಲ್ಲೇ ಚಿತ್ರ ಅಂಟಿಸಿತ್ತು. ಕಿಟಕಿಯ ಮೇಲೆ ಕೂತ ಮಗು, ಮಗುವಿನ ಮೇಲೆ ಅಡ್ಡಕ್ಕೆ ಕೆಂಪು ಗೆರೆ. ಚಿತ್ರ ನೋಡಿ ಅರ್ಥ ಹೇಳುವುದೇ ನನ್ನ ಕೆಲಸ, ಅರ್ಥವಾಗಲಿಲ್ಲ ಎಂದರೆ ನಂಬುತ್ತೀರಾ? ಚೆನ್ನಾಗಿ ಅರ್ಥವಾಯಿತು. ಅದು ಬೇರೆಯವರ ಮಕ್ಕಳಿಗೆ ಎಂದುಕೊಂಡೆ.

ಸೊಸೆ ತಟ್ಟೆ ತರಲು ಒಳಗೆ ಹೊರಟವಳು ತಿರುಗಿ ಹೇಳಿದಳು. "ಅತ್ತಿ, ಆ ಕಿಟಕಿ ಹತ್ರ ಮಾತ್ರ ಬ್ಯಾಡ್ರಿ." ನನಗೆ ಪಿತ್ತ ನೆತ್ತಿಗೇರಿತು. "ಲೇ ಹುಡುಗಿ, ನೀನು ಹುಟ್ಟೋಕಿಂತ ಮೊದ್ಲಿಂದ ಕೂಸು ಉಣಿಸೀನಿ. ಏನಾಗಂಗಿಲ್ಲ ಹೋಗು" ಎಂದೆ. ಆಕೆ ಹೋದಳು. ಭೂಮಿಕಾ ಬಾಯಿ ಬಿಗಿಹಿಡಿದು ಕೂತಿದ್ದಳು. ನಾನು ಎತ್ತಿ ಕಿಟಕಿಯಲ್ಲಿ ಕೂರಿಸಿದೆ. ಒಂದು ಕೈಯಲ್ಲಿ ಮೊಸರನ್ನದ ಬಟ್ಟಲು, ಇನ್ನೊಂದು ಕೈಯಲ್ಲಿ ತುತ್ತು. ಮೂರನೆಯ ಕೈ ದೇವರು ನನಗೆ ಕೊಟ್ಟಿಲ್ಲ. ಇದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಮನೆಯಲ್ಲಿ ಮಾಡುವ ಹಾಗೇ ಆ ಕೂಸು ಸರಳು ಹಿಡಿಯಲು ಕೈ ಚಾಚಿತು. ಸಿಗಲಿಲ್ಲ. ಇನ್ನೂ ಸ್ವಲ್ಪ ಮುಂದಕ್ಕೆ ಬಾಗಿ ಹುಡುಕಿತು. ಆಗ ನನ್ನ ಕಡೆ ತಿರುಗಿ ಕೇಳಿತು. "ಅಜ್ಜೀ, ಸಳ್ಳು ಎಲ್ಲೈತಿ?"

ಸಭಿಕರೇ, ಬಟ್ಟಲು ಬಿಟ್ಟೆ. ಮೊಸರನ್ನದ ಕೈಯಿಂದಲೇ ಫ್ರಾಕು ಹಿಡಿದು ಎಳೆದೆ. ಇಬ್ಬರೂ ಹಿಂದಕ್ಕೆ ಬಿದ್ದೆವು. ಬಟ್ಟಲು ಹೊರಗೆ ಹೋಯಿತು. ಅದು ನೀರಿಗೆ ಬಿದ್ದ ಸದ್ದು ಬರುತ್ತದೆ ಎಂದು ಕಾದೆ. ಬರಲೇ ಇಲ್ಲ, ಅಷ್ಟು ಎತ್ತರ. ನಾನು ಫ್ರಾಕು ಬಿಡದೆ ಹಾಗೇ ಬಿದ್ದುಕೊಂಡಿದ್ದೆ. ಭೂಮಿಕಾ ಮಾತ್ರ ನನ್ನ ಎದೆಯ ಮೇಲೆ ಕೂತು ನಕ್ಕಳು, ಇನ್ನೊಂದು ಸಲ ಆಡೋಣ ಎಂದಳು.

ಗಾಜು ಒರೆಸುತ್ತಿದ್ದ ಹೆಂಗಸೊಬ್ಬಳು ನೋಡಿ ಕೂಗಿದಳು. ಬಿಳಿ ಅಂಗಿಯ ಅಧಿಕಾರಿ ಬಂದ. ಕೈಯಲ್ಲಿ ಒಂದು ಫಾರಂ. ಫಾರಂ ನೋಡಿದ ಕೂಡಲೇ ನನಗೆ ಧೈರ್ಯ ಬಂತು, ಏಕೆಂದರೆ ಫಾರಂ ತುಂಬುವುದರಲ್ಲಿ ನಾನು ಪಳಗಿದವಳು. ಆತ ಹಿಂದಿಯಲ್ಲಿ ಕೇಳಿದ, "ಮಗುವಿನ ಹೊಣೆ ಹೊತ್ತ ಹಿರಿಯರು ಯಾರು?" ಅಷ್ಟರಲ್ಲಿ ಸೊಸೆ ತಟ್ಟೆ ಹಿಡಿದು ಓಡಿ ಬಂದಿದ್ದಳು. ನನ್ನ ಬಾಯಿ, ಈಗ ನಿಮ್ಮ ಎದುರು ಮಾತನಾಡುತ್ತಿರುವ ಇದೇ ಬಾಯಿ, ಬಂದಷ್ಟು ಹಿಂದಿಯಲ್ಲಿ ಏನು ಹೇಳಿತು ಗೊತ್ತೇ? "ಈಕಿ, ತಾಯಿ. ಕೂಸು ಬಿಟ್ಟು ತಟ್ಟಿ ತರಾಕ ಹೋಗಿದ್ಲು" ಎಂದಿತು. ಒಂದು ಅಕ್ಷರವೂ ಸುಳ್ಳಲ್ಲ, ನೋಡಿ. ತಾಯಿ ಹೌದು, ತಟ್ಟೆ ತರಲು ಹೋದದ್ದೂ ಹೌದು. ದುರ್ಗಾದೇವಿ ನನ್ನ ಮುಖವನ್ನೊಮ್ಮೆ ನೋಡಿದಳು. ತಟ್ಟೆ ಕೆಳಗಿಟ್ಟು ಸಹಿ ಹಾಕಿದಳು.

ರೂಮಿಗೆ ಬಂದ ಮೇಲೆ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಆಕೆ ನಮ್ಮೂರಿನ ಹುಡುಗಿಯೇ, ಹಳೆಯದೆಲ್ಲ ಬಲ್ಲವಳು. ಮಗುವಿನ ಫ್ರಾಕಿನ ಮೊಸರು ತೊಳೆಯುತ್ತಾ ಕೇಳಿದಳು. "ಅತ್ತಿ, ಬೊಮ್ಮಮ್ಮನೂ ಹಿಂಗ ಸುಮ್ನ ಹೆಬ್ಬಟ್ಟು ಒತ್ತಿದ್ಲೇನ್ರಿ?"

ಆ ಹಡಗು ಗೋವಾಕ್ಕೆ ಹೋಯಿತಂತೆ, ಎಲ್ಲರೂ ಇಳಿದು ನೋಡಿಬಂದರಂತೆ. ನಾನು ಗೋವಾ ನೋಡಲಿಲ್ಲ. ಹಾಸಿಗೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯವಾಗಿತ್ತು.

ಹದಿಮೂರು ವರ್ಷದ ಹಿಂದೆ ಏನಾಯಿತು ಎಂದು ನಿಮಗೆಲ್ಲ ಗೊತ್ತಿದೆ. ನಿಮಗೆ ಗೊತ್ತಿರುವುದು ನಾನು ಬರೆದದ್ದು. ನಡೆದದ್ದು ಬೇರೆ. ನಮ್ಮ ಕೇಂದ್ರದ ಕಿಟಕಿಯಲ್ಲಿ ಒಂದು ಸರಳು ಕಿತ್ತುಹೋಗಿತ್ತು. ಬೊಮ್ಮಮ್ಮ ಒಂದಲ್ಲ ಮೂರು ಸಲ ಹೇಳಿದಳು. "ಟೀಚರ್, ಆ ಸರಳು ಹಾಕಿಸ್ರಿ, ಹುಡುಗ್ರು ಅಲ್ಲೇ ಕುಂದರ್ತಾವ." "ಏನಾಗಂಗಿಲ್ಲ ಬಿಡು" ಎಂದೆ. ಆ ದಿನ ಬೊಮ್ಮಮ್ಮ ಒಳಗೆ ಒಲೆಯ ಮುಂದೆ ಇದ್ದಳು. ಓಬಳೇಶ್ ಎಂಬ ನಾಲ್ಕು ವರ್ಷದ ಹುಡುಗ ಉಣ್ಣಲೊಲ್ಲೆ ಎಂದು ಹಟ ಮಾಡಿದ. ಕಿಟಕಿಯಲ್ಲಿ ಕೂರಿಸಿದವಳು ನಾನು. ಬಾಗಿಲಲ್ಲಿ ಯಾರೋ ಕರೆದರು ಎಂದು ತಿರುಗಿದವಳೂ ನಾನೇ. ಹುಡುಗ ಹೊರಗೆ ಕಲ್ಲಿನ ಮೇಲೆ ಬಿದ್ದ, ಕೈ ಮುರಿಯಿತು. ಬೊಮ್ಮಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದು ಎತ್ತಿಕೊಂಡಳು. ಜನ ಬಂದು ನೋಡಿದಾಗ ಅವನು ಆಕೆಯ ತೋಳಲ್ಲಿದ್ದ.

ನನಗೆ ಅಷ್ಟು ಸಾಕಾಯಿತು. ವರದಿಯಲ್ಲಿ ಬರೆದೆ, "ಮಗುವನ್ನು ಕಿಟಕಿಯಲ್ಲಿ ಕೂರಿಸಿದವರು: ಸಹಾಯಕಿ." ಬೊಮ್ಮಮ್ಮನಿಗೆ ಓದು ಬರುವುದಿಲ್ಲ. "ಏನ್ ಬರದೀರಿ ಟೀಚರ್, ಒಂಚೂರು ಓದಿ ಹೇಳ್ರಿ" ಎಂದಳು. "ಕೂಸು ಬಿತ್ತು ಅಂತ ಬರದೀನಿ. ಒತ್ತು" ಎಂದೆ. ಒತ್ತಿದಳು. ನನ್ನನ್ನು ನಂಬಿದ್ದಳು. ಅಂದಿನಿಂದ ಆಕೆ ಹುಣಸೆಹಣ್ಣು ಬಿಡಿಸುವ ಕೂಲಿಗೆ ಹೋಗುತ್ತಾಳೆ. ನಾನು ತಾಲ್ಲೂಕು ಸಭೆಯಲ್ಲಿ ಮಕ್ಕಳ ರಕ್ಷಣೆಯ ಬಗ್ಗೆ ಭಾಷಣ ಮಾಡಿದೆ.

ಮೇಡಂ, ಗಡಿಯಾರ ನೋಡಬೇಡಿ, ನಾನೇ ನೋಡಿದ್ದೇನೆ. ಈಗ ಐದು ಗಂಟೆ ಹತ್ತು ನಿಮಿಷ. ನಾನು ನಿವೃತ್ತಳಾಗುವುದು ಐದೂವರೆಗೆ. ಅಂದರೆ ಇನ್ನೂ ಇಪ್ಪತ್ತು ನಿಮಿಷ ನಾನು ನಿಮ್ಮ ಕೈಕೆಳಗಿನ ಕಾರ್ಯಕರ್ತೆಯೇ. ಏನು ಕ್ರಮ ಜರುಗಿಸಬೇಕೋ ಜರುಗಿಸಿ, ಬೇಕೆಂದೇ ಹೊತ್ತು ನೋಡಿ ಹೇಳುತ್ತಿದ್ದೇನೆ. ಶಾಲು ಬಿಚ್ಚಿ ಕೊಡಬೇಕಾದರೆ ಕೊಡುತ್ತೇನೆ. ಮೇಜಿನ ಮೇಲಿಟ್ಟ ಆ ಚಪ್ಪಾಳೆಯನ್ನೂ ನೀವೇ ವಾಪಸ್ ತೆಗೆದುಕೊಳ್ಳಿ. ಹಣ್ಣಿನ ಬುಟ್ಟಿಯಲ್ಲಿ ಎರಡು ಬಾಳೆಹಣ್ಣನ್ನು ಭೂಮಿಕಾ ಆಗಲೇ ತಿಂದಿದ್ದಾಳೆ, ಅದೊಂದು ಮಾಫಿ ಮಾಡಬೇಕು. ಹಡಗಿನ ಅಧಿಕಾರಿಯ ಹತ್ತಿರವೂ ಇಳಿಯುವ ಮೊದಲೇ ಹೋಗಿ ಹೆಸರು ತಿದ್ದಿಸಿ ಬಂದಿದ್ದೇನೆ. ಆತ ಬೇರೆ ಫಾರಂ ಕೊಟ್ಟ, ನಾನೇ ತುಂಬಿದೆ.

ನೀವು ಕೇಳಿದ ಅಭಿಪ್ರಾಯ ಇಲ್ಲಿದೆ. ಮೊದಲು ನಿಮ್ಮ ಕೈಗೆ ಕೊಡಬೇಕು, ಅದು ನಿಯಮ. ಆದರೆ ನಾನು ಬರೆದದ್ದನ್ನು ಓದಿ ಹೇಳು ಎಂದು ಕೇಳಿದವರು ನಿಮಗಿಂತ ಮೊದಲು ಒಬ್ಬರಿದ್ದಾರೆ.

ಬೊಮ್ಮಮ್ಮಾ, ಎದ್ದು ಹೋಗಬೇಡ, ಕೂತ್ಕೊ. ಹದಿಮೂರು ವರ್ಷ ತಡವಾಯಿತು. ಓದುತ್ತೇನೆ, ಕೇಳು.

"ನನ್ನ ಕೇಂದ್ರದಲ್ಲಿ ಓಬಳೇಶ್ ಎಂಬ ಮಗುವನ್ನು ಸರಳಿಲ್ಲದ ಕಿಟಕಿಯಲ್ಲಿ ಕೂರಿಸಿದವಳು ಕಾರ್ಯಕರ್ತೆ ಶಿವಲೀಲಾ. ಸಹಾಯಕಿ ಬೊಮ್ಮಮ್ಮ ಕೂರಿಸಲಿಲ್ಲ. ಆಕೆ ಮೂರು ಸಲ ಎಚ್ಚರಿಸಿದ್ದಳು. ಬಿದ್ದ ಮಗುವನ್ನು ಎತ್ತಿಕೊಂಡವಳು ಆಕೆ. ಹಿಂದಿನ ವರದಿ ಸುಳ್ಳು, ಅದನ್ನು ಬರೆದವಳು ನಾನು. ಆಕೆಯ ಮಗಳು ಮಂಜಮ್ಮನಿಗೆ ಈ ಊರಿನ ಮಕ್ಕಳನ್ನು ಕಣ್ಣು ಮುಚ್ಚಿ ಒಪ್ಪಿಸಬಹುದು." ಕೆಳಗೆ ನನ್ನ ಸಹಿ.

ಇಷ್ಟೇ ಬರೆದಿದ್ದೇನೆ ಬೊಮ್ಮಮ್ಮ. ಬೇರೆ ಏನೂ ಇಲ್ಲ. ಅನುಮಾನವಿದ್ದರೆ ಮಂಜಮ್ಮ ಇಲ್ಲಿ ಬಂದು ಕಾಗದ ನೋಡಲಿ, ಆಕೆಗೆ ಓದು ಬರುತ್ತದೆ. ಬಾ ತಾಯಿ, ಬಾ. ದಾರಿ ಬಿಡಿ ಆಕೆಗೆ. ನೋಡು, ಅಕ್ಷರ ಅಕ್ಷರ ನೋಡಿ, ನಿನ್ನ ಅವ್ವನ ಹತ್ತಿರ ಹೋಗಿ ಇನ್ನೊಂದು ಸಲ ಓದಿ ಹೇಳು. ಆಮೇಲೆ ಮೇಡಂ ಕೈಗೆ ಕೊಡು.

ಇಷ್ಟು ಹೊತ್ತು ಕಿರುಬೆರಳು ಎತ್ತದೆ ಕೂತ ನಿಮಗೆಲ್ಲ ನನ್ನ ಕೃತಜ್ಞತೆಗಳು. ಮೈಕಿನವರಿಗೆ, ಮಿರ್ಚಿ ಕರಿಯುತ್ತಿರುವವರಿಗೆ, ನನ್ನ ಸೊಸೆಗೆ ಕೃತಜ್ಞತೆಗಳು. ಸಭೆಗೆ ನಮಸ್ಕಾರ. ಬೊಮ್ಮಮ್ಮನಿಗೆ ಬೇರೆಯಾಗಿ ಒಂದು ನಮಸ್ಕಾರ.