ಕರಿ ಕುದುರೆಯ ನೀಲಿ

ಹಲೋ... ಯಾರು ಮಾತಾಡೋದು?... ಸರಿಯಾಗಿ ಕೇಳ್ತಾ ಇಲ್ಲ, ಯಾರು?

...

ಓ, ದಾಕ್ಷಾಯಣಕ್ಕನಾ. ನಾನು ಅರ್ಪಣಾನೇ, ಕೊಪ್ಪದ ಮನೇಲೇ ಇದ್ದೇನೆ. ಎಂತ ಅಕ್ಕ, ಸ್ವರ ಹೀಗುಂಟು? ಯೋಗೇಂದ್ರಣ್ಣನ ಕಣ್ಣಿಗೆ ಏನಾದ್ರೂ ಆಯ್ತಾ?

...

ಕಣ್ಣು ಸರಿ ಉಂಟು. ಪೊರೆ ತೆಗೆದದ್ದು ಚೆನ್ನಾಗಿ ಆಗಿದೆ, ಪಟ್ಟಿಯೂ ಬಿಚ್ಚಿದ್ರು. ಹಾಂ... ಮತ್ತೆ ಅಳೋದು ಎಂತಕ್ಕೆ?

...

ನಿಲ್ಲಿ ನಿಲ್ಲಿ, ನಿಧಾನ ಹೇಳಿ. ಬೆಳಿಗ್ಗೆಯಿಂದ ಆ ಬೆರಳುದ್ದದ ಬೊಂಬೆ ಕುದುರೆಗಳ ಮುಂದೆ ಕೂತಿದ್ದಾರೆ. ಈಗ ಥಿನ್ನರ್ ಡಬ್ಬಿ ತೆಗೆದು ಬೋಗುಣಿಗೆ ಹೊಯ್ದಿದ್ದಾರೆ... ಎಲ್ಲಾ ಅದ್ದಿ ಬಣ್ಣ ಕಿತ್ತು ಹಾಕ್ತೇನೆ ಅಂತಾರಾ? ಇವತ್ತಾ? ಮಾಡ್ಲಿಕ್ಕೆ ಹೇಳಿದ ಶ್ರೀಕಾಂತ ಅವರು ಜೀಪು ತಗೊಂಡು ಒಯ್ಯಲಿಕ್ಕೆ ಬರೋ ದಿನವಾ?

...

ಅಕ್ಕ, ಫೋನ್ ಅವರ ಕೈಗೆ ಕೊಡಿ. ಮಾತಾಡೋದಿಲ್ಲ ಅಂದ್ರೆ ಕಿವಿ ಹತ್ರ ಹಿಡೀರಿ. ಅರ್ಪಣಾ ಕರೀತಿದ್ದಾಳೆ ಅನ್ನಿ.

...

ಯೋಗೇಂದ್ರಣ್ಣ? ಕೇಳ್ತಾ ಉಂಟಾ? ಎಂತ ಮಾಡ್ತಾ ಇದ್ದೀರಿ ನೀವು?

...

ನೀಲಿ.

...

ಹೌದು. ನೀಲಿ ಹೌದು. ನಾನು ಇಲ್ಲ ಅನ್ನೋದಿಲ್ಲ.

...

ಹೇಳಿಲ್ವಾ? ನಾನು ಹೇಳಿಲ್ವಾ? ಮಳೆ ಹಿಡಿಯೋ ಮೊದಲೇ ಹೇಳಿದ್ದೆ ಮಾರಾಯ್ರೆ, ನಿಮ್ಮ ಶೆಟ್ಟಿಕೊಪ್ಪದ ಜಗಲೀಲಿ ಕೂತೇ ಹೇಳಿದ್ದೆ. ಅಣ್ಣ, ಕಪ್ಪಿಗೆ ನೀಲಿ ಜಾಸ್ತಿ ಬೀಳ್ತಾ ಉಂಟು ಅಂತ. ನೀವೆಂತ ಅಂದ್ರಿ? "ಕರಿ ಕುದುರೆ ಮೈಮೇಲೆ ಆಕಾಶ ಕಾಣ್ಬೇಕು, ನಿಂಗೆ ಗೊತ್ತಾಗೋದಿಲ್ಲ, ನೀನು ಸವಾರರನ್ನ ನೋಡ್ಕೋ" ಅಂದ್ರಿ. ಅಲ್ವಾ?

...

ಅದು ನಿಮ್ಮ ತಪ್ಪಲ್ಲ. ಪೊರೆ ಬಂದ ಕಣ್ಣಿಗೆ ಎಲ್ಲಾ ಚಾದ ಬಣ್ಣ ಅಂತ ಡಾಕ್ಟ್ರೇ ಹೇಳಿದ್ದಲ್ವಾ. ನಿಮ್ಗೆ ನೀಲಿ ಕಾಣ್ತಿರ್ಲಿಲ್ಲ, ಕಾಣೋವರೆಗೂ ಹಾಕಿದ್ರಿ. ಈಗ ಹೊಸ ಕಣ್ಣಲ್ಲಿ ಒಮ್ಮೆಗೇ ಕಂಡಿದೆ. ಯಾರಿಗಾದ್ರೂ ಎದೆ ಧಸಕ್ ಅಂತದೆ.

...

ಮಿಂಚುಳ್ಳಿ ಹಾಗೇನೂ ಇಲ್ಲ. ಅಷ್ಟಿಲ್ಲ.

...

ಸರಿ, ಸ್ವಲ್ಪ ಇದೆ. ನಾನು ನಿಮ್ಮ ಹತ್ರ ಸುಳ್ಳು ಹೇಳೋದಿಲ್ಲ... ಆದ್ರೆ ಆ ಬೋಗುಣಿ ಅತ್ಲಾಗೆ ಸರಿಸಿ ಮೊದಲು. ಆಪರೇಶನ್ ಆದ ಕಣ್ಣು, ಥಿನ್ನರ್ ಹಬೆ ಹೊಡೀತಾ ಕೂತಿದ್ದೀರಲ್ಲ, ಯಾರು ಹೇಳಿದ್ದು ನಿಮ್ಗೆ?

...

ಯೋಗೇಂದ್ರಣ್ಣ. ಒಂದು ಕೇಳ್ತೇನೆ. ಏನಾದ್ರೂ ಅದ್ದಿದ್ರಾ ಈಗಾಗ್ಲೇ?

...

ಒಂದನ್ನ ಅದ್ದಿದ್ರಾ.

...

ಯಾವುದು? ಕಹಳೆ ಊದೋ ಸವಾರನ ಕುದುರೆಯಾ?...

...

ಸವಾರನ ಸಮೇತವಾ... ಹೌದು, ಅಂಟಿಸಿ ಆಗಿತ್ತಲ್ಲ. ಮತ್ತೆ ಹೇಗೆ ಬಿಡ್ತದೆ.

...

ಇಲ್ಲ, ಲೈನಲ್ಲೇ ಇದ್ದೇನೆ. ಒಂದು ನಿಮಿಷ ಕೊಡಿ ನಂಗೆ.

...

ಇರ್ಲಿ ಅನ್ನೋದಿಲ್ಲ ನಾನು. ಅವನ ಕೆನ್ನೆ ಉಬ್ಬಿದ್ದು, ಊದೋವಾಗ ಕಣ್ಣು ಕಿರಿದಾಗಿದ್ದು, ಹುಬ್ಬು... ಕಡ್ಲೆಕಾಳಿಗಿಂತ ಸಣ್ಣ ಮುಖ. ಉಸಿರು ಹಿಡಿದು ಬರೆದದ್ದು ಯೋಗೇಂದ್ರಣ್ಣ. ಕುದುರೆ ನಿಮ್ದು ಹೌದು. ಮೇಲೆ ಕೂತವರು ನನ್ನವರು. ನನ್ನ ಒಂದು ಮಾತು ಕೇಳ್ಬೇಕಿತ್ತು ನೀವು.

...

ನಂಗೆ ಸಿಟ್ಟು ಬಂದಿದೆ. ಬಂದಿದೆ ಅಂತಾನೇ ಹೇಳ್ತೇನೆ. ಆದ್ರೂ ಫೋನ್ ಇಡೋದಿಲ್ಲ. ಉಳಿದವ್ರನ್ನ ನಾನು ಬಿಡೋದಿಲ್ಲ ನಿಮ್ಗೆ.

...

ಯಾಕೆ ನಗಾಡ್ತಾರೆ ಶ್ರೀಕಾಂತ ಅವರು? ಸೈನ್ಯದ ಕುದುರೆ ಪಡೆಯಲ್ಲಿ ಇದ್ದವರು, ಕರಿ ಕುದುರೆ ಸವಾರಿ ಮಾಡಿದವರು. ಗೊತ್ತಾಗ್ತದೆ, ಅದು ನಿಜ. ಅದಕ್ಕೇ ಸರಿ ಮಾಡುವ ಅಂತಿರೋದು. ಕಿತ್ತು ಹಾಕಿದ್ರೆ ಸರಿ ಮಾಡ್ಲಿಕ್ಕೆ ಎಂತ ಉಳೀತದೆ?

...

ಕೈ ಮುಗಿದು ಕೇಳ್ತೇನೆ, ಒಂದೇ ಒಂದು ಕುದುರೆ. ಹಿಂದಿನ ಸಾಲಲ್ಲಿ ನಿಂತದ್ದು ಯಾವುದಾದ್ರೂ. ನಾನು ಹೇಳಿದ ಹಾಗೆ ಮಾಡಿ. ಆಗ್ಲಿಲ್ಲ ಅಂದ್ರೆ ನಿಮ್ಮ ಇಷ್ಟ, ಬೋಗುಣಿ ಅಲ್ಲೇ ಉಂಟಲ್ಲ.

...

ಅಕ್ಕನ ಹತ್ರ ಫೋನ್ ಕೊಡಿ. ಅಕ್ಕ, ಸ್ಪೀಕರ್‌ಗೆ ಹಾಕಿ, ಮೇಜಿನ ಮೇಲಿಡಿ. ಕಿಟಕಿ ತೆಗೀರಿ ಸ್ವಲ್ಪ, ವಾಸನೆ ಹೋಗ್ಲಿ.

...

ಹಾಂ, ಕೇಳ್ತದೆ. ಅಣ್ಣ, ಗಾಢ ಕಂದು ಬಣ್ಣದ ಟ್ಯೂಬು ತಗೊಳ್ಳಿ. ಕರಿಯದ್ದು ಬೇಡ, ಕರಿ ಮುಟ್ಟಲೇಬೇಡಿ. ಕಂದು, ತುಸು ಕೆಂಪು ಇರೋದು. ನೀರು ಹಾಕಿ ತಿಳಿ ಮಾಡಿ.

...

ಇನ್ನೂ ತೆಳು. ಕಾಫಿ ಡಿಕಾಕ್ಷನ್ ಎರಡನೇ ಸಲ ಇಳಿಸ್ತೇವಲ್ಲ, ಅಷ್ಟು. ಬ್ರಶ್ಶು ಬಟ್ಟೆಗೆ ಒತ್ತಿ. ತೊಟ್ಟಿಕ್ಕಬಾರದು.

...

ಮಣಿಕಟ್ಟು ಮೇಜಿಗೆ ಊರಿ. ನಿಮ್ಗೆ ನಾನು ಹೇಳ್ಬೇಕಾ ಅದನ್ನ. ಇಡೀ ತಾಲೂಕಿನ ಬೋರ್ಡು ಬರೆದ ಕೈ ಅದು.

...

ಪಕ್ಕೆಯಿಂದ ಶುರು ಮಾಡಿ. ನೀಲಿ ಹೊಳಪು ಕೊಟ್ಟಿದ್ದೀರಲ್ಲ, ಅದರ ಮೇಲೇ. ಆಮೇಲೆ ತೊಡೆ ಸಂದು, ಮೂತಿ, ಕಿವಿ ಬುಡ. ಬೆನ್ನಿನ ಮೇಲೆ ಒಂದು ಗೆರೆ ಹೊಳಪು ಹಾಗೇ ಬಿಡಿ, ಅಲ್ಲಿ ಆಕಾಶ ಇರ್ಲಿ. ಉಳಿದ ಕಡೆ ಬಿಸಿಲಿಗೆ ಕಂದಿದ ಹಾಗೆ. ಕರಿ ಕುದುರೆ ಕರಿ ಇರೋದು ನೆರಳಲ್ಲಿ ಅಂತ ನೀವೇ ಹೇಳ್ತಿದ್ರಿ.

...

ನೋಡ್ಬೇಡಿ ಈಗ್ಲೇ. ಒಣಗ್ಲಿ. ಒದ್ದೆ ಇರೋವಾಗ ಎಲ್ಲಾ ಕೊಳಕಾಗೇ ಕಾಣ್ತದೆ.

...

ಅಕ್ಕ, ಎಂತ ಮಾಡ್ತಿದ್ದಾರೆ? ಬೋಗುಣಿ ಹತ್ರ ಹೋದ್ರಾ?

...

ಕುದುರೆ ಹಿಡ್ಕೊಂಡು ಕಿಟಕಿ ಹತ್ರ ಹೋದ್ರಾ. ಸರಿ. ಸುಮ್ನಿರಿ, ಮಾತಾಡಿಸ್ಬೇಡಿ.

...

ಅಲ್ಲಿ ಎಂತ ಶಬ್ದ? ಜೀಪಾ? ಅಯ್ಯೋ, ಇಷ್ಟು ಬೇಗ ಬಂದ್ರಾ ಅವರು?

...

ಅಕ್ಕ, ನೀವು ಹೋಗಿ ಬಾಗಿಲಲ್ಲೇ ನಿಲ್ಸಿ. ನೀರು ಕೊಡಿ, ಬೆಲ್ಲ ಕೊಡಿ, ಕೂರಿಸಿ. ಯೋಗೇಂದ್ರಣ್ಣ, ನಿಮ್ಮನ್ನೇ ಕೇಳ್ತಿದ್ದೇನೆ, ಎಂತ ಕಾಣ್ತದೆ? ಹೊಸ ಕಣ್ಣಲ್ಲಿ ನೋಡಿ ಹೇಳಿ.

...

ಇನ್ನೊಂಚೂರು ಬೆಳಕಿಗೆ ತಿರುಗಿಸಿ ಅಣ್ಣ.

...

ನೀಲಿ ಹೋಯ್ತಾ.

...

ಪೂರ್ತಿ?... ಪಕ್ಕೆಯಲ್ಲಿ ಉಸಿರು ಆಡಿದ ಹಾಗೆ ಕಾಣ್ತದಾ? ಹಾಗಂದ್ರಾ ನೀವು? ನಂಗೆ ಸರಿಯಾಗಿ ಕೇಳ್ಲಿಲ್ಲ.

...

ಹಾಂ. ಹಾಂ... ನಾನೂ ಇಲ್ಲಿ ಕೂತೆ ಈಗ. ಇಷ್ಟು ಹೊತ್ತು ನಿಂತೇ ಇದ್ದೆ.

...

ಉಳಿದದ್ದು ಇವತ್ತೇ ಆಗೋದಿಲ್ಲ. ಶ್ರೀಕಾಂತ ಅವರಿಗೆ ಹಾಗೇ ಹೇಳಿ. ಕಣ್ಣಿಂದಾಗಿ ಹೀಗಾಯ್ತು, ಮುಂದಿನ ವಾರ ಬನ್ನಿ ಅಂತ. ನಿಮ್ಗೆ ನಾಚಿಕೆ ಆದ್ರೆ ನಾನು ಹೇಳ್ತೇನೆ, ಫೋನ್ ಕೊಡಿ.

...

ಒಳಗೇ ಬಂದ್ರಾ? ಅಕ್ಕ, ನಿಲ್ಸಿ ಅಂದಿದ್ದೆನಲ್ಲ...

...

ಎಲ್ಲಾ ನೋಡಿದ್ರಾ? ನೀಲಿ ಇರೋದನ್ನೂ? ಎಂತ ಅಂದ್ರು?

...

ಬಗ್ಗಿ ನೋಡ್ತಿದ್ದಾರಾ.

...

ಅದೊಂದನ್ನೇ ಎತ್ಕೊಂಡ್ರಾ? ಹಿಂದಿನ ಸಾಲಿಂದ ತೆಗೆದು ಈಗ ಮಾಡಿದ್ದಾ? ಒಣಗಿಲ್ಲ ಅನ್ನಿ ಅಕ್ಕ, ಬೆರಳಿಗೆ ಬಣ್ಣ ಹತ್ತೀತು...

...

ಯಾರನ್ನ ಕರೆದ್ರು? ಮೋತಿ? ಮೋತಿ ಯಾರು, ಜೊತೆಗೆ ಬಂದವ್ರಾ?

...

ಜೋರಾಗಿ ಹೇಳಿ ಅಕ್ಕ, ಸ್ವರ ಕಡೀತಾ ಉಂಟು.

...

ಅವರು ಪಡೇಲಿ ಸವಾರಿ ಮಾಡ್ತಿದ್ದ ಕುದುರೆ ಹೆಸರಾ...

...

ಅಕ್ಕ. ಯೋಗೇಂದ್ರಣ್ಣನಿಗೆ ಕೇಳಿತಾ ಅದು? ಅವರು ಎಲ್ಲಿದ್ದಾರೆ, ಹತ್ರ ಇದ್ದಾರಾ?... ಹಲೋ? ಕೇಳಿತಾ ಅವರಿಗೆ?... ಹಲೋ...