ಹೊನ್ನವ್ವನಿಗೆ ಕೊಡದ ಮಣ್ಣು

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣ ಕಾಣದಿದ್ದಾಗ ಹರಿಪ್ರಿಯಾ ಚೀಲವನ್ನು ಎದೆಗವಚಿಕೊಂಡು ಚೌಡವ್ವಜ್ಜಿಯ ಪಡಸಾಲೆ ಸೇರಿದಳು. ಜೀಪಿನ ಚಾಲಕ ಮುಬಶೀರ, ಅಕ್ಕಪಕ್ಕದ ನಾಲ್ಕಾರು ಹೆಂಗಸರು ಆಗಲೇ ಅಲ್ಲಿ ಕುಳಿತಿದ್ದರು. ತಡಸದಿಂದ ಒಳಗೆ, ಗುಡ್ಡದ ಬುಡದಲ್ಲಿರುವ ಆ ಸಣ್ಣ ಊರಿನ ಬೆನ್ನಿಗೇ ಮುಚ್ಚಿಹೋದ ಗಣಿಯ ಬೂದು ದಿಬ್ಬ. ಅದರ ವಿಷ ಯಾರ ಯಾರ ಅಂಗಳಕ್ಕೆ ಇಳಿದಿದೆ ಎಂದು ಮಣ್ಣು ಪರೀಕ್ಷಿಸಿ ನಕ್ಷೆ ಮಾಡುವುದು ಹರಿಪ್ರಿಯಾಳ ಕೆಲಸ.

ಬೆಳಗಿನಿಂದ ಮನೆಮನೆಗೆ ಹೋಗಿ, ಅಂಗಳದ ಒಂದು ಹಿಡಿ ಮಣ್ಣು ಕೊಡ್ರಿ ಎಂದು ಕೇಳಿದ್ದಳು. ಎಲ್ಲರೂ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿಕೊಂಡಿದ್ದರು. ಬರಿಗೈಯಲ್ಲಿ ಮರಳಿದರೆ ನಕ್ಷೆಯಲ್ಲಿ ಈ ಊರು ಖಾಲಿ ಉಳಿಯುತ್ತದೆ. ಖಾಲಿ ಉಳಿದದ್ದನ್ನು ಮೇಲಿನವರು ಚೊಕ್ಕ ಎಂದೇ ಓದಿಕೊಳ್ಳುತ್ತಾರೆ. ಚೀಲದಲ್ಲಿದ್ದದ್ದು ಒಂದೇ ಪೊಟ್ಟಣ: ಹೋಲಿಸಿ ನೋಡಲೆಂದು ಹಾನಗಲ್ಲಿನ ತನ್ನ ಹೊಸ ಮನೆಯ ಹಿತ್ತಿಲಿನಿಂದ, ಪುಟ್ಟ ಮಗಳೇ ಕೈಯಾರೆ ತುಂಬಿಕೊಟ್ಟ ಒಳ್ಳೆಯ ಮಣ್ಣು.

ಅಜ್ಜಿ ಎಲೆಯಡಿಕೆಯನ್ನು ದವಡೆಗೆ ಒತ್ತರಿಸಿಕೊಂಡು ಶುರು ಮಾಡಿದಳು.

"ಮಣ್ಣು ಕೊಡ್ರಿ ಅಂತ ಕೇಳಿದ್ರಲ್ಲ, ಬಾಯಾರ... ನಿಮ್ಮೋರು ಸುಡೋರು, ನಿಮಗ ಅದು ಬರೇ ಮಾತು. ನಾವು ಹೂಳೋ ಮಂದಿ. ನಮ್ಮಲ್ಲಿ ಮಣ್ಣು ಕೊಡೋದಂದ್ರ ಸತ್ತವರಿಗೆ. ಕುಣಿಯಾಗ ಇಳಿಸಿ, ಬಂಧುಬಳಗ ಒಂದೊಂದು ಹಿಡಿ ಹಾಕಿದ ಮ್ಯಾಲೇ ಜೀವ ತನ್ನ ಹಾದಿ ಹಿಡೀತೈತಿ. ಈ ಊರಾಗ ಬಾಗಲಕ್ಕ ನಿಂತು ಮಣ್ಣು ಬೇಡಾಕಿ ಒಬ್ಬಾಕಿ ಮೊದಲ ಅದಾಳ. ನನ್ನ ತಂಗಿ, ಹೊನ್ನವ್ವ.

"ಆಕಿ ಮನಿ ಆ ದಿಬ್ಬದ ಕೆಳಗಿತ್ತು. ಹಿಂಗ ಜಡಿಮಳಿ ಹಿಡಿದಾಗ ದಿಬ್ಬ ಕುಸೀತು, ಆಕಿ ಒಳಗ ಇದ್ಲು... ಮನಿ ಇತ್ತು ಅನ್ನೋ ಗುರುತು ಸೈತ ಉಳೀಲಿಲ್ಲ. ಗಣಿಯವರು ಬಂದು ಏನಂದ್ರು? ಇಲ್ಲಿ ಮನೀನ ಇರಲಿಲ್ಲ ಅಂದ್ರು. ಸತ್ತಿದ್ರ ಹೆಣ ತೋರಸ್ರಿ ಅಂದ್ರು. ಅಗದು ತಗೀರಿ ಅಂದ್ರ, ಮುಟ್ಟಿದ್ರ ಮತ್ತ ಕುಸೀತೈತಿ ಅಂತ ನಮಗ ಬುದ್ಧಿ ಹೇಳಿದ್ರು. ಅವರ ಬಾಯಾಗ ಹುಳ ಬೀಳ್ಲಿ. ಮುಂದ ಅದೇ ದಿಬ್ಬಾನ ಟಿಪ್ಪರಿಗೆ ತುಂಬಿ, ತಗ್ಗಿನ ಜಾಗಾದಾಗ ಮನಿ ಕಟ್ಟೋರಿಗೆ ಮಾರಿದ್ರು. ಆವಾಗ ಕುಸೀಲಿಲ್ಲ, ನೋಡ್ರಿ. ನನ್ನ ತಂಗಿ ಎಲುವು ಯಾವ ಊರಾಗ, ಯಾರ ಮನಿ ಬುಡಕ್ಕ ಬಿದ್ದಾವೋ, ಯಾರಿಗೊತ್ತು?

"ಸತ್ತ ಮ್ಯಾಲ ಆಕಿ ಮೊದಲ ನನ್ನ ಬಾಗಲಕ್ಕ ಬಂದ್ಲು. ಸೆರಗೊಡ್ಡಿ ನಿಂತಿದ್ಲು... 'ಅಕ್ಕಾ, ನನಗ ಒಂದು ಹಿಡಿ ಮಣ್ಣು ಕೊಡ' ಅಂದ್ಲು. ಅಂಜಿದೆ, ಸುಳ್ಳು ಯಾಕ ಹೇಳ್ಲಿ? ಆದ್ರ ಒಡಹುಟ್ಟಿದಾಕಿ ಅಲ್ಲೇನು? ಅಂಗಳದಾಗಿಂದ ಬಾಚಿ ಸೆರಗಿನಾಗ ಹಾಕಿದೆ. ಮೂಸಿ ನೋಡಿದ್ಲು... ಹೊಸ್ತಿಲ ಮ್ಯಾಲ ಸುರದು, 'ಅಕ್ಕಾ, ಇದು ಮಣ್ಣಲ್ಲ' ಅಂದು ಹೊಂಟೋದ್ಲು. ಬ್ಯಾಸಗಿ ಬರೂದ್ರಾಗ ನನ್ನ ಮೊಮ್ಮಗಳ ಅಂಗೈ ಗಂಟುಗಂಟಾಗಿ ಸೀಳಿದ್ವು. ಏನು ತಿಂದಾಳ ಅಂತ ದವಾಖಾನ್ಯಾಗ ಕೇಳಿದ್ರು. ಏನು ಹೇಳೋದು? ಅಂಗಳದಾಗ ಆಡಿದ್ಲು, ಅಷ್ಟ... ಕೂಸು ಉಳೀಲಿಲ್ಲ.

"ಆಮ್ಯಾಲೆ ಮನಿ ಮನಿ ತಿರುಗಿದ್ಲು. ಎಲ್ಲೆಲ್ಲಿ ಮಣ್ಣು ವಾಪಸ್ ಸುರದ್ಲೋ, ಅಲ್ಲಲ್ಲಿ ಸಣ್ಣ ಮಕ್ಕಳು ಹಾಸಗಿ ಹಿಡದ್ವು. ಮಂದಿ ಏನು ಮಾಡಿದ್ರು? ದೆವ್ವ ಮುಟ್ಟಿ ಹಿಂಗಾತು ಅಂತ ಬೇವು ಕಟ್ಟಿದ್ರು, ನಿಂಬಿಹಣ್ಣು ಕೊಯ್ದ್ರು, ಬಾಗಲಾ ಹಾಕಿದ್ರು. ಅದೇ ಅಂಗಳದಾಗ ಮತ್ತ ಮಕ್ಕಳನ್ನ ಆಡಾಕ ಬಿಟ್ರು. ಆಕಿ ಮಾಡಿದ ತಪ್ಪರ ಏನು? ನೀವು ಮಷೀನ್ ಹಿಡಿದು ಹೇಳೋದನ್ನ ಆಕಿ ಮೂಸಿ ಹೇಳಿದ್ಲು."

ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಹರಿಪ್ರಿಯಾಳಿಗೆ ದೆವ್ವದಲ್ಲಿ ನಂಬಿಕೆ ಇರಲಿಲ್ಲ. ಆದರೆ ಅಜ್ಜಿಯ ಸಂಕಟ ತನ್ನದೇ ಎನಿಸಿತು.

"ಊರಾಗ ಎಲ್ಲೂ ಒಳ್ಳೆ ಮಣ್ಣು ಸಿಗಲಿಲ್ಲೇನು ಅಜ್ಜಿ?" ಎಂದಳು.

"ಸಿಕ್ಕಿದ್ರ ಹೋಗಿಬಿಡ್ತಿದ್ಲಲ್ರೀ."

"ನನ್ನ ಹತ್ರ ಅದ. ಕೊಡೋಣ ಆಕೀಗೆ."

ಪೊಟ್ಟಣ ತೆಗೆದು, ಗಂಟು ಬಿಚ್ಚದೆ, ಹೊಸ್ತಿಲ ಹೊರಗೆ ಮಳೆಯಲ್ಲಿಟ್ಟು ಬಂದು ಕುಳಿತಳು. ಅಜ್ಜಿ ಕೈಮುಗಿದಳು. ಯಾರೂ ಕುಳಿತಲ್ಲಿಂದ ಏಳಲಿಲ್ಲ. ಬಾಗಿಲಾಚೆ ಮಳೆಯ ಸದ್ದು ಒಂದು ಗಳಿಗೆ ನಿಂತು, ಮತ್ತೆ ಮೊದಲಾಯಿತು.

ಮೊದಲು ನೋಡಿದವನು ಮುಬಶೀರ. ಅವನು ಹೊಸ್ತಿಲಿನತ್ತ ಬೆರಳು ತೋರಿಸಿದ. ಪೊಟ್ಟಣದ ಬಾಯಿ ಬಿಚ್ಚಿತ್ತು. ಮಣ್ಣೆಲ್ಲ ಹೊಸ್ತಿಲ ಮೇಲೆ ಸಣ್ಣ ಗುಪ್ಪೆಯಾಗಿ ಸುರಿದಿತ್ತು, ಅಷ್ಟು ಮಳೆಯಲ್ಲೂ ಒಣಗಿದ್ದು ಒಣಗಿದಂತೆಯೇ.

ಚೌಡವ್ವ ಹೊಸ್ತಿಲ ಬಳಿ ಬಂದು ಬಗ್ಗಿ ಅದನ್ನು ನೋಡಿದಳು. ಇದನ್ನು ಎಲ್ಲಿಂದ ತಂದದ್ದು ಎಂದು ಕೇಳಿದಳು. ನಮ್ಮ ಹಿತ್ತಿಲಿನಿಂದ ಎನ್ನುವಷ್ಟರಲ್ಲಿ ಹರಿಪ್ರಿಯಾಳಿಗೆ ನೆನಪಾಯಿತು: ಮನೆಯ ಜಾಗ ತಗ್ಗಿನಲ್ಲಿತ್ತು, ಅಗ್ಗಕ್ಕೆ ಸಿಕ್ಕಿತೆಂದು ಗಂಡ ಟಿಪ್ಪರ್ ಮಣ್ಣು ಹಾಕಿಸಿದ್ದ, ಬೂದು ಬಣ್ಣದ್ದು.

ಅಜ್ಜಿಯ ದನಿ ಮೆತ್ತಗಾಯಿತು.

"ಮನ್ಯಾಗ ಸಣ್ಣ ಮಕ್ಕಳು ಅದಾವೇನು, ಬಾಯಾರ?"